ಎಚ್‌ಎಎಲ್‌ಗೆ ಮುಂಬೈ ಕೊಟ್ಟ ಯಜಮಾನ

ಮುಂಬೈನ ಬಲ್ಲಾರ್ಡ್ ಎಸ್ಟೇಟ್ ಕಡೆ ಕೆಲಸಕ್ಕೆ ಹೋಗುವ ನಾವೆಲ್ಲ ವಾಲ್‌ಚಂದ್ ಹೀರಾಚಂದ್ ಮಾರ್ಗದಲ್ಲಿ ಓಡಾಡಿದವರೇ. ಆ ಹೆಸರಿಗೂ ಬೆಂಗಳೂರಿನ ಎಚ್‌ಎಎಲ್‌ಗೂ ಇರುವ ನಂಟು ಮಾತ್ರ ಹಲವರಿಗೆ ಗೊತ್ತಿಲ್ಲ.

ವಾಲ್‌ಚಂದ್ ಹುಟ್ಟಿದ್ದು 1882ರಲ್ಲಿ, ಕನ್ನಡ ಮಾತೂ ಕೇಳಿಬರುವ ಸೊಲ್ಲಾಪುರದಲ್ಲಿ. ರೈಲ್ವೆ ಗುತ್ತಿಗೆಯಿಂದ ಮೇಲೆ ಬಂದು, 1919ರಲ್ಲಿ ಸಂಗಡಿಗರೊಡನೆ ಸಿಂಧಿಯಾ ಹಡಗು ಕಂಪನಿ ಕಟ್ಟಿದರು. ಬ್ರಿಟಿಷ್ ಹಡಗು ಕಂಪನಿಗಳು ಸಾಗಣೆ ದರ ಇಳಿಸಿ ಅದನ್ನು ಮುಳುಗಿಸಲು ನೋಡಿದವು. ಷೇರುದಾರರ ದುಡ್ಡು ಉಳಿಯಬೇಕಿತ್ತು. 1923ರಲ್ಲಿ ಸಿಂಧಿಯಾ ಎದುರಾಳಿಗಳೊಡನೆ ಒಪ್ಪಂದಕ್ಕೆ ಬಂತು.

1939ರಲ್ಲಿ ಮಹಾಯುದ್ಧ ಶುರುವಾಯಿತು. ಅದೇ ವರ್ಷ ವಿಮಾನ ಪ್ರಯಾಣವೊಂದರಲ್ಲಿ ವಾಲ್‌ಚಂದ್‌ಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿ ಸಿಕ್ಕರು. ಜಪಾನ್ ವಿರುದ್ಧ ಹೋರಾಡುತ್ತಿದ್ದ ಚೀನಾ ಸರ್ಕಾರಕ್ಕೆ ವಿಮಾನ ಕಟ್ಟಿಕೊಡುತ್ತಿದ್ದವರು ಅವರು. ಭಾರತದಲ್ಲೂ ಅಂಥ ಕಾರ್ಖಾನೆ ಯಾಕಾಗಬಾರದು ಎಂದು ವಾಲ್‌ಚಂದ್ ಹಟ ಹಿಡಿದರು. ಬ್ರಿಟಿಷ್ ಸರ್ಕಾರ ಮೊದಲು ಆಸಕ್ತಿ ತೋರಲಿಲ್ಲ. ಕೈ ಹಿಡಿದದ್ದು ಮೈಸೂರು ಸಂಸ್ಥಾನ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಜಾಗ ಕೊಡಿಸಿದರು, ಬಂಡವಾಳವನ್ನೂ ಹಾಕಿಸಿದರು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮರುವರ್ಷವೇ ತರಬೇತಿ ವಿಮಾನ ಹಾರಿತು, ಭಾರತ ಸರ್ಕಾರವೂ ಪಾಲುದಾರನಾಯಿತು.

ಇಲ್ಲಿ ಒಬ್ಬೊಬ್ಬರ ಲೆಕ್ಕ ಒಂದೊಂದು. ಮೈಸೂರಿಗೆ ಕೈಗಾರಿಕೆ ಬೇಕು, ಬ್ರಿಟಿಷರಿಗೆ ಯುದ್ಧಕ್ಕೆ ವಿಮಾನ ಬೇಕು, ಅಮೆರಿಕನ್ನರಿಗೆ ವ್ಯಾಪಾರ ಬೇಕು. ಯಾರೂ ಯಾರ ಪಕ್ಷಕ್ಕೂ ಸೇರಬೇಕಿರಲಿಲ್ಲ, ಕಾರ್ಖಾನೆ ನಡೆದರೆ ಎಲ್ಲರಿಗೂ ಲಾಭ.

1942ರಲ್ಲಿ ಸಿಂಗಪುರ ಬಿತ್ತು, ಜಪಾನ್ ಹತ್ತಿರ ಬಂತು. ಕಾರ್ಖಾನೆ ತನ್ನ ಕೈಯಲ್ಲೇ ಇರಬೇಕೆಂದು ಭಾರತ ಸರ್ಕಾರ ವಾಲ್‌ಚಂದ್ ಪಾಲನ್ನು ಕೊಂಡುಕೊಂಡಿತು. ದುಡ್ಡು ಬಂತು, ಆದರೆ ಕನಸು ಕೈ ತಪ್ಪಿತು. ಮೈಸೂರು ಮಾತ್ರ ಪಾಲು ಬಿಡಲಿಲ್ಲ, ಯುದ್ಧ ಮುಗಿಯುವವರೆಗೆ ಆಡಳಿತವನ್ನಷ್ಟೇ ಬಿಟ್ಟುಕೊಟ್ಟಿತು. 1943ರಲ್ಲಿ ಉಸ್ತುವಾರಿ ಅಮೆರಿಕನ್ ವಾಯುಪಡೆಗೆ ಹೋಯಿತು. ಯಜಮಾನಿಕೆ ಹೀಗೆ ಕೈ ಬದಲಾಯಿಸುತ್ತಿದ್ದರೂ ಕೆಲಸ ನಿಲ್ಲಲಿಲ್ಲ. ಬೆಂಗಳೂರಿನ ಕೆಲಸಗಾರರು ಮಿತ್ರಪಡೆಗಳ ವಿಮಾನ ದುರಸ್ತಿ ಮಾಡುತ್ತಾ ಕೈ ಪಳಗಿಸಿಕೊಂಡರು.

ವಾಲ್‌ಚಂದ್ ಅಲ್ಲಿಗೇ ಕೂರಲಿಲ್ಲ. ಸಿಂಧಿಯಾದ ವಿಶಾಖಪಟ್ಟಣ ಹಡಗುಕಟ್ಟೆಯಿಂದ 1948ರಲ್ಲಿ 'ಜಲ ಉಷಾ' ನೀರಿಗಿಳಿಯಿತು. 1953ರಲ್ಲಿ ಅವರು ತೀರಿಕೊಂಡರು.

ಸರ್ಕಾರಗಳು ಜಗಳವಾಡಿದಾಗ ನಮ್ಮ ಆಫೀಸುಗಳಲ್ಲೂ ಯಾವ ಗ್ರಾಹಕ ಉಳಿಯುತ್ತಾನೆ, ಯಾರ ಕೆಲಸ ಹೋಗುತ್ತದೆ ಎಂಬ ಆತಂಕ ಇದ್ದದ್ದೇ. ವಾಲ್‌ಚಂದ್ ಬದುಕು ಹೇಳುವುದಿಷ್ಟು: ಎಲ್ಲರಿಗೂ ಬೇಕಾದ ಕೆಲಸ ಕಟ್ಟಿಟ್ಟರೆ, ಕಟ್ಟಿದವನು ಹೊರಬಿದ್ದರೂ ಕೆಲಸ ಉಳಿಯುತ್ತದೆ.