ನೆರೆಯನ್ನು ಲೆಕ್ಕಕ್ಕೆ ತಂದ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಮ್ಮ ಜನರು ಕನ್ನಂಬಾಡಿಯ ಕಟ್ಟೆಯೊಡನೆ ಸ್ಮರಿಸುವರು. ಅದು ಯುಕ್ತವೇ ಸರಿ. ಆದರೆ ನೀರನ್ನು ಕಟ್ಟುವ ಮೊದಲು ಅದನ್ನು ಅಳೆದು ತಿಳಿಯಬೇಕೆಂಬುದೇ ಆ ಮಹನೀಯರ ಜೀವನದ ಮುಖ್ಯ ಪಾಠವೆಂದು ನಮ್ಮ ಅಭಿಮತ. ಹಾಸನದ ಸೀಮೆಯಲ್ಲಿ ಹೆದ್ದಾರಿಯೂ ರೈಲು ಹಾದಿಯೂ ಹಳ್ಳಕೊಳ್ಳಗಳನ್ನು ಅಡ್ಡಹಾಯ್ದು ಸಾಗಿರುವ ಈ ಕಾಲದಲ್ಲಿ ಆ ಪಾಠವನ್ನು ವಾಚಕ ಮಹಾಶಯರ ಮುಂದಿಡಬಯಸುವೆವು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು, ಮನೆಪಾಠ ಹೇಳಿ ಜೀವಿಸುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ನೆರೆಯ ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅವರು ಕಲ್ಪಿಸಿ, 1903ರಲ್ಲಿ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದರು. ನೀರನ್ನು ತಡೆಯುವವನು ಅದಕ್ಕೆ ದಾರಿಯನ್ನೂ ಬಿಡಬೇಕೆಂಬ ವಿವೇಕವು ಅಲ್ಲಿಯೇ ಕಂಡುಬರುವುದು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದು ನಗರವನ್ನು ನುಗ್ಗಿ ಸಾವಿರಾರು ಜನರ ಪ್ರಾಣವನ್ನು ತೆಗೆಯಿತು. ನಿಜಾಮ ಸರ್ಕಾರದ ಕರೆಯ ಮೇರೆಗೆ ಮರುವರ್ಷ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ಮೊದಲು ಮಳೆಯ ಲೆಕ್ಕವನ್ನೂ ನದಿಯ ಮೇಲ್ಗಡೆಯ ಕೆರೆಗಳ ಲೆಕ್ಕವನ್ನೂ ತೆಗೆದರು. ಸುಮಾರು ಎಂಟು ನೂರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದುವು. ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರು ಕೆಳಗಿನ ಕೆರೆಯ ಮೇಲೆ ಬೀಳುವುದು. ಆದುದರಿಂದ ನಗರದ ದಡಗಳನ್ನು ಎತ್ತರಿಸಿದರೆ ಮಾತ್ರ ಸಾಲದೆಂದು ಕಂಡು, ನೆರೆಯನ್ನು ಮೇಲ್ಗಡೆಯೇ ಹಿಡಿದು ಮೆಲ್ಲಗೆ ಬಿಡತಕ್ಕ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಸಿದ್ಧವಾದುವು.

1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಸಲ್ಲಿಸಿದ ಸೇವೆಯನ್ನು ವಿವರಿಸಬೇಕಾದುದಿಲ್ಲ. ವೃದ್ಧಾಪ್ಯದಲ್ಲಿಯೂ ನೆರೆಯ ಚಿಂತೆ ಅವರನ್ನು ಬಿಡಲಿಲ್ಲ. ಒರಿಸ್ಸಾದ ಮಹಾನದಿಯ ಮುಖಜ ಭೂಮಿಯಲ್ಲಿ ಬಹುಕಾಲದಿಂದ ದಡದುದ್ದಕ್ಕೂ ಒಡ್ಡುಗಳಿದ್ದರೂ ನೆರೆ ನಿಂತಿರಲಿಲ್ಲ. ನೀರು ಹರಡುವುದಕ್ಕೆ ತಡೆಯಾದುದೇ ತೊಂದರೆಯ ಮೂಲವೆಂದು 1928ರ ಸಮಿತಿಯೊಂದು ಅಭಿಪ್ರಾಯಪಟ್ಟಿತ್ತು. 1937ರಲ್ಲಿ ವಿಶ್ವೇಶ್ವರಯ್ಯನವರು ಅಲ್ಲಿಯೂ ಮೇಲ್ಗಡೆಯ ಜಲಾಶಯಗಳ ಪರಿಶೋಧನೆಯನ್ನು ಸಲಹೆಮಾಡಿದರು. 1957ರಲ್ಲಿ ಹಿರಾಕುಡ್ ಅಣೆಕಟ್ಟು ಉದ್ಘಾಟನೆಗೊಂಡಿತು. 1955ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಪಡೆದ ಅವರು 1962ರಲ್ಲಿ ಕಾಲವಾದರು.

ಇನ್ನು ನಮ್ಮ ಸೀಮೆಯ ವಿಚಾರ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಇದೆ. ಅದರ ಕೆಳಗೆ ಹೊಳೆನರಸೀಪುರವಿದೆ. ಅರಕಲಗೂಡು ತಾಲ್ಲೂಕಿಗೆ ಹೇಮಾವತಿಯೂ ಕಾವೇರಿಯೂ ಎರಡೂ ನೆರೆಹೊರೆ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬೆಂಗಳೂರು–ಮಂಗಳೂರು ಹೆದ್ದಾರಿಯೂ ರೈಲೂ ಸಾಗುವುವು. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಇಕ್ಕಟ್ಟಾದ ಮೋರಿಯನ್ನು ಬಿಟ್ಟರೆ ನೀರು ಮೇಲ್ಗಡೆಯ ಹೊಲಗದ್ದೆಗಳಲ್ಲಿ ನಿಲ್ಲುವುದು. ದಡಕ್ಕೆ ಒಡ್ಡು ಕಟ್ಟಿ ನೀರು ಹರಡದಂತೆ ಮಾಡಿದರೆ ಕೆಳಗಿನ ಊರಿಗೆ ನೆರೆಯು ಬೇಗನೆಯೂ ಎತ್ತರವಾಗಿಯೂ ಬರುವುದು. ಒಬ್ಬನ ರಕ್ಷಣೆಯು ಇನ್ನೊಬ್ಬನಿಗೆ ವಿಪತ್ತಾಗಬಹುದು.

ಇದನ್ನು ಮೊದಲೇ ತಿಳಿಯುವುದು ಇಂದು ಕಷ್ಟವಲ್ಲ. ಹಳ್ಳದ ಅಗಲವನ್ನೂ ಆಳವನ್ನೂ ಅಲ್ಲಲ್ಲಿ ಅಳೆದು, ಮಳೆಯ ಲೆಕ್ಕವನ್ನು ಗಣಕಯಂತ್ರಕ್ಕೆ ಕೊಟ್ಟು, ಏರಿಯಿಲ್ಲದಾಗ ನೀರು ಎಷ್ಟು ಏರುವುದು, ಏರಿಯಿದ್ದಾಗ ಎಷ್ಟು ಎಂದು ಹೋಲಿಸಿ ನೋಡಬಹುದು. ವಿಶ್ವೇಶ್ವರಯ್ಯನವರು ಕಾಗದದ ಮೇಲೆ ಮಾಡಿದ ಶ್ರಮವನ್ನು ಯಂತ್ರವು ಹಗುರಗೊಳಿಸಿದೆ. ಆ ಲೆಕ್ಕವನ್ನು ಕಾಮಗಾರಿಗೆ ಮುಂಚೆಯೇ ಹಾಕಿ, ಹಳ್ಳದ ಎರಡು ಕಡೆಯ ರೈತರಿಗೂ ತಿಳಿಯುವಂತೆ ಪ್ರಕಟಿಸುವುದು ಅಧಿಕಾರಿಗಳ ಕರ್ತವ್ಯ. ಅದನ್ನು ಕೇಳುವುದು ಪುರಜನರ ಹಕ್ಕು. ಅವರ ಜಯಂತಿಯ ದಿನ ಹಾರ ಹಾಕುವುದಕ್ಕಿಂತ ಇದು ಅವರಿಗೆ ಹೆಚ್ಚು ಪ್ರಿಯವಾಗುತ್ತಿತ್ತೆಂದು ನಾವು ನಂಬುವೆವು.