ಕ್ರಿಸ್‌ಮಸ್ ಗಿಡ ಮತ್ತು ಪಾಯಿನ್ಸೆಟ್

ಮಕ್ಕಳೇ, ಕ್ರಿಸ್‌ಮಸ್ ಅಲಂಕಾರಕ್ಕೂ ಉಡುಗೊರೆಗೂ ಜನ ಆರಿಸಿಕೊಳ್ಳುವ ಕಡುಗೆಂಪು ಬಣ್ಣದ ಕುಂಡದ ಗಿಡವನ್ನು ನೋಡಿದ್ದೀರಾ? ಅದರ ಹೆಸರು ಪಾಯಿನ್ಸೆಟಿಯಾ. ಜೋಯೆಲ್ ರಾಬರ್ಟ್ಸ್ ಪಾಯಿನ್ಸೆಟ್ ಎಂಬುವರಿಂದ ಅದಕ್ಕೆ ಈ ಹೆಸರು ಬಂತು.

ಪಾಯಿನ್ಸೆಟ್ 1779ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಜನಿಸಿದರು. ಹಲವು ದೇಶಗಳನ್ನು ಸುತ್ತಿದ ಅವರಿಗೆ ಸಸ್ಯಗಳೆಂದರೆ ಬಹಳ ಆಸಕ್ತಿ. 1825ರಲ್ಲಿ ಅವರು ಅಮೆರಿಕದ ಪ್ರತಿನಿಧಿಯಾಗಿ ಮೆಕ್ಸಿಕೋಗೆ ಹೋದರು. ಅಲ್ಲಿ ಈ ಗಿಡವನ್ನು ಕಂಡು ಮೆಚ್ಚಿ, 1828ರ ಸುಮಾರಿಗೆ ತಮ್ಮ ದೇಶಕ್ಕೆ ಕಳುಹಿಸಿದರು.

ನಾವು ಹೂವೆಂದುಕೊಳ್ಳುವ ಆ ಕೆಂಪು ದಳಗಳು ನಿಜವಾಗಿ ಎಲೆಗಳು! ನಡುವೆ ಇರುವ ಪುಟ್ಟ ಹಳದಿ ಗೊಂಚಲಿನಲ್ಲಿ ನಿಜವಾದ ಹೂಗಳಿವೆ. ರಾತ್ರಿಗಳು ದೀರ್ಘವಾದಾಗ ಮೇಲಿನ ಎಲೆಗಳು ಕೆಂಪಾಗುತ್ತವೆ. ಆದ್ದರಿಂದಲೇ ಗಿಡ ಡಿಸೆಂಬರ್ ವೇಳೆಗೆ ಕಂಗೊಳಿಸುತ್ತದೆ. ರಾತ್ರಿಯಿಡೀ ದೀಪದ ಬೆಳಕು ಬಿದ್ದರೆ ಎಲೆಗಳು ಹಸಿರಾಗಿಯೇ ಉಳಿಯಬಹುದು.

ಪಾಯಿನ್ಸೆಟ್ ಮೆಕ್ಸಿಕೋದ ರಾಜಕೀಯದಲ್ಲಿ ತಲೆಹಾಕಿದರು. ಅಲ್ಲಿನ ಸರ್ಕಾರ ಸಿಟ್ಟಾಗಿ, ಅವರನ್ನು ವಾಪಸು ಕರೆಸಿಕೊಳ್ಳುವಂತೆ ಕೇಳಿತು. 1837ರಿಂದ 1841ರವರೆಗೆ ಅವರು ಅಮೆರಿಕದ ಯುದ್ಧ ಸಚಿವರಾಗಿದ್ದರು. ಆ ಕಾಲದಲ್ಲಿ ಸಾವಿರಾರು ಮೂಲನಿವಾಸಿಗಳನ್ನು ಅವರ ನೆಲದಿಂದ ಬಲವಂತವಾಗಿ ಹೊರಹಾಕಲಾಯಿತು. 1851ರಲ್ಲಿ ಪಾಯಿನ್ಸೆಟ್ ತೀರಿಕೊಂಡರು.

ಹಾಗಾದರೆ ಈ ಗಿಡವನ್ನು ಕಂಡುಹಿಡಿದವರು ಅವರೇ? ಅಲ್ಲ. ಶತಮಾನಗಳ ಮೊದಲೇ ಮೆಕ್ಸಿಕೋದ ಅಜ್ಟೆಕ್ ಜನ ಇದಕ್ಕೆ ತಮ್ಮ ಭಾಷೆಯಲ್ಲಿ ಹೆಸರಿಟ್ಟು, ಬಣ್ಣಕ್ಕೂ ಔಷಧಕ್ಕೂ ಬಳಸುತ್ತಿದ್ದರು. ಪಾಯಿನ್ಸೆಟ್ ಅದನ್ನು ಬೇರೆ ದೇಶಕ್ಕೆ ಪರಿಚಯಿಸಿದರು, ಅಷ್ಟೇ.

ಈ ಗಿಡ ಸಿಕ್ಕರೆ ಭೂತಗನ್ನಡಿ ಹಿಡಿದು ನಿಜವಾದ ಹೂ ಹುಡುಕಿ. ಎಲೆ ಮುರಿಯಬೇಡಿ. ಅದರಿಂದ ಒಸರುವ ಹಾಲು ಚರ್ಮಕ್ಕೆ ತುರಿಕೆ ತರಬಹುದು. ಗಿಡ ಮುಟ್ಟಿದ ಮೇಲೆ ಕೈ ತೊಳೆಯಿರಿ.