ವಚನಪಿತಾಮಹ ಫ. ಗು. ಹಳಕಟ್ಟಿಯವರು

ಹನ್ನೆರಡನೆಯ ಶತಮಾನದ ಶರಣರು ಕುಲದ ಮೇಲುಕೀಳನ್ನೂ ಸ್ತ್ರೀಪುರುಷರೆಂಬ ತಾರತಮ್ಯವನ್ನೂ ಅಲ್ಲಗಳೆದು ನುಡಿದ ವಚನಗಳು ಇಂದು ಶಾಲೆಯ ಮಕ್ಕಳಿಗೂ ಕಂಠಪಾಠವಾಗಿವೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವುಗಳ ಬಹುಭಾಗವು ಮಠಮನೆಗಳಲ್ಲಿ ವಸ್ತ್ರದಿಂದ ಸುತ್ತಿಟ್ಟ ತಾಳೆಗರಿಯ ಕಟ್ಟುಗಳಲ್ಲಿ ಅಡಗಿದ್ದಿತು. ಕಟ್ಟುಗಳಿಗೆ ಪೂಜೆ ಸಲ್ಲುತ್ತಿದ್ದಿತು; ಬಿಚ್ಚಿ ಓದುವವರು ವಿರಳರಾಗಿದ್ದರು. ಆ ಕಟ್ಟುಗಳನ್ನು ಬಿಚ್ಚಿ ನಾಡಿನ ಮುಂದಿಟ್ಟ ಮಹನೀಯರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಎಳವೆಯಲ್ಲಿಯೇ ಮಾತೃವಿಯೋಗವನ್ನು ಅನುಭವಿಸಿದರು. ಮುಂಬಯಿಯಲ್ಲಿ ಉಚ್ಚಶಿಕ್ಷಣವನ್ನು ಪೂರೈಸಿ, 1904ರಲ್ಲಿ ಕಾಯಿದೆಯ ಪದವಿಯನ್ನು ಪಡೆದು, ಬಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. 1910ರಲ್ಲಿ ಅಲ್ಲಿ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘವು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಸ್ಥಾಪನೆಗೊಂಡುದರಲ್ಲಿ ಅವರ ಪರಿಶ್ರಮವು ಹಿರಿದು. ವಕೀಲಿಯಲ್ಲಿ ಹಣವೂ ಮಾನ್ಯತೆಯೂ ಕಾದಿದ್ದವು. ಆದರೆ ರಬಕವಿಯಲ್ಲಿ ಕಂಡ ತಾಳೆಗರಿಗಳು ಅವರ ಮನಸ್ಸನ್ನು ಸೆಳೆದಿದ್ದವು.

ಅಂದಿನಿಂದ ಅವರು ಊರೂರು ತಿರುಗಿ ಪ್ರತಿಗಳನ್ನು ಕಲೆಹಾಕಿದರು. ಪ್ರತಿಗೆ ಪ್ರತಿಯನ್ನು ಹೋಲಿಸಿ ಪಾಠವನ್ನು ನಿರ್ಣಯಿಸಿದರು. ಆವರೆಗೆ ವಿದ್ವಾಂಸರಿಗೆ ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿದ್ದಿತು. ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆ 250ನ್ನು ಮುಟ್ಟಿತು. ಇದು ಬರಿಯ ಎಣಿಕೆಯ ಮಾತಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಮೊದಲಾದ ಕಾಯಕಜೀವಿಗಳೂ ಬಸವಣ್ಣನವರ ಸರಿಸಮನಾಗಿ ಗ್ರಂಥಸ್ಥರಾದರು. ಅಕ್ಕಮಹಾದೇವಿಯೊಬ್ಬಳೇ ಅಲ್ಲ, ಅಲ್ಲಮಪ್ರಭುವಿನೊಡನೆ ವಾದಿಸಿದ ಮುಕ್ತಾಯಕ್ಕ, ಮಿಗಿಲಾಗಿ ಅಕ್ಕಿಯನ್ನು ತಂದ ಪತಿಗೆ ಕಾಯಕದ ಮಿತಿಯನ್ನು ಬೋಧಿಸಿದ ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಅಮುಗೆ ರಾಯಮ್ಮರಂಥ ಶರಣೆಯರೂ ತಮ್ಮ ತಮ್ಮ ಅಂಕಿತಗಳೊಡನೆ ಬೆಳಕಿಗೆ ಬಂದರು. ಸ್ತ್ರೀಯರಿಗೆ ಅಕ್ಷರವೇ ಸಲ್ಲದೆಂದು ವಾದಿಸುವವರಿದ್ದ ಆ ಕಾಲದಲ್ಲಿ, ಎಂಟು ನೂರು ವರ್ಷಗಳ ಹಿಂದೆಯೇ ಸ್ತ್ರೀಯರು ಗುರುಸ್ಥಾನದಲ್ಲಿ ನಿಂತು ನುಡಿದಿದ್ದರೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿರಲಿಲ್ಲ. ವಕೀಲರಾದ ಹಳಕಟ್ಟಿಯವರು ವಾಗ್ವಾದಕ್ಕಿಳಿಯದೆ ಸಾಕ್ಷ್ಯವನ್ನೇ ಮುಂದಿಟ್ಟರು.

ಈ ಮಾರ್ಗವು ಸುಗಮವಾಗಿರಲಿಲ್ಲ. ಮುದ್ರಣಕ್ಕೆಂದು ಮಂಗಳೂರಿಗೆ ಕಳುಹಿದ ಹಸ್ತಪ್ರತಿಯು ಅಚ್ಚಾಗದೆ ಮರಳಿ ಬಂದಿತು. ಕಡೆಗೆ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿ ಕಾರ್ಯ ಸಾಗದೆಂದು ಮನಗಂಡ ಅವರು, ಇದ್ದ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನು ಆರಂಭಿಸಿದರು. ಚಂದಾದಾರರು ಸಾಲದೆ, ಸಾಲವು ಬೆಳೆದು, ಸಂಸಾರವು ಬಾಡಿಗೆಯ ಮನೆಯಲ್ಲಿ ಕಷ್ಟಪಟ್ಟರೂ ಶಿವಾನುಭವವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಶರಣರ ಚರಿತ್ರೆಗಳೊಡನೆ ಶರಣೆಯರ ಚರಿತ್ರೆಗಳನ್ನೂ ಅವರು ಬರೆದು ಪ್ರಕಟಿಸಿದರು.

1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪದವಿಯೂ ಅವರನ್ನು ಅರಸಿ ಬಂದವು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಇಂದು ನಾಡು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಿದೆ.

ಇಜೇರಿಯನ್ನೊಳಗೊಂಡ ಜೇವರ್ಗಿ ಸೀಮೆಯು, ಅಖಂಡೇಶ್ವರನ ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ನೆಲ. ಇಲ್ಲಿಯ ಶಾಲೆಗಳಲ್ಲಿ ಬಾಲಕ ಬಾಲಕಿಯರು, ಎಲ್ಲ ಕುಲದ ಮಕ್ಕಳು, ಒಂದೇ ಸಾಲಿನಲ್ಲಿ ಕುಳಿತು ಲಕ್ಕಮ್ಮನ ವಚನವನ್ನು ಓದುವಾಗ ಹಳಕಟ್ಟಿಯವರು ಮಾರಿದ ಮನೆಯ ಬೆಲೆ ಸಲ್ಲುತ್ತದೆ. ಓದಿದ ವಚನವು ಶಾಲೆಯ ಹೊರಗೂ ನಡೆಯಲ್ಲಿ ಕಾಣಿಸಿಕೊಂಡಾಗಲೇ ಆ ಋಣವು ತೀರುವುದು.